ಅಪ್ಪನಿಗೆ ಕೇಳಿಸದ ಎಂಜಿನ್

ಹ್ಯಾಡಕ್ ಕೋವ್, ನೋವಾ ಸ್ಕೋಷಾ
೧೯ ಫೆಬ್ರುವರಿ ೨೦೧೨, ಭಾನುವಾರ

ಪ್ರೀತಿಯ ತಂಗಿ ಲೆನೋರಾಗೆ,

ಹೇಗಿದ್ದೀಯ? ಈ ಚಳಿಗೆ ನಿನ್ನ ಮಂಡಿ ನೋವು ಹೆಚ್ಚಾಗಿರಬೇಕು. ಎಡ್ಮಂಟನ್ನಿನಲ್ಲಿ ಸೊನ್ನೆಗಿಂತ ಮೂವತ್ತು ಕೆಳಗೆ ಎಂದು ರೇಡಿಯೋ ಹೇಳಿದಾಗಲೆಲ್ಲ ಬೆರಿಲ್ ನಿನ್ನ ಹೆಸರೆತ್ತುತ್ತಾಳೆ. ಇಲ್ಲಿ ನಾವು ಗಂಡ ಹೆಂಡತಿ ಒಂದು ಮಟ್ಟಿಗೆ ಇದ್ದೇವೆ. ನನ್ನ ಬಲಗಿವಿ ಈಗ ಪೂರ್ತಿ ಹೋಗಿದೆ. ಬೆರಿಲ್ ಕೆಲಸದ ಮಾತಿದ್ದರೆ ಎಡಕ್ಕೆ ಬಂದು ಹೇಳುತ್ತಾಳೆ, ಬೈಯುವುದಿದ್ದರೆ ಬಲಕ್ಕೆ ನಿಂತು ಬೈದುಕೊಳ್ಳುತ್ತಾಳೆ. ಕೊಲ್ಲಿಯ ಅಂಚು ಹೆಪ್ಪುಗಟ್ಟಿ ವಾರವಾಯಿತು. ಅಕ್ಟೋಬರಿನಿಂದ ನೀನು ನನ್ನ ಫೋನ್ ಎತ್ತಿಲ್ಲ. "ಕಾಗದ ಬರೀರಿ. ಅದನ್ನ ಫೋನಿನ ಥರ ಅರ್ಧಕ್ಕೇ ಕುಕ್ಕೋಕಾಗಲ್ಲ" ಎಂದಳು ಬೆರಿಲ್. ಅದಕ್ಕೇ ಕೂತಿದ್ದೇನೆ.

ಅಪ್ಪನ ಮಣ್ಣಿಗೆ ನೀನು ಬಂದೆ, ಚರ್ಚಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ, ಕೆಳಗಿನ ಕೋಣೆಯಲ್ಲಿ ಹೆಂಗಸರು ಚಹಾ ಬಗ್ಗಿಸುವ ಮೊದಲೇ ಹೊರಟುಹೋದೆ. ಅದಕ್ಕೆ ನಿನ್ನನ್ನು ದೂರುವುದಿಲ್ಲ. ಆದರೆ ನಿನಗೆ ಗೊತ್ತಿರುವುದು ನಾನು ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಹೇಳಿದ "ಎಂಜಿನ್ ಓಡಿಸೋಕಾಗಲ್ಲ" ಎಂಬ ಒಂದು ಮಾತು ಮಾತ್ರ. ನಿನ್ನ ಉತ್ತರವೂ ಒಂದೇ ಮಾತು. "ನಿಂಗೆ ಅಪ್ಪಂಗಿಂತ ಆ ಕಬ್ಬಿಣಾನೇ ಹೆಚ್ಚಾಯ್ತು." ಆ ಮೂರು ದಿನ ಇಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿಲ್ಲ.

ಅಪ್ಪ ಕ್ರಿಸ್ಮಸ್‌ವರೆಗೆ ಉಳಿಯುವುದು ಕಷ್ಟ ಎಂದು ನರ್ಸ್ ಹೇಳಿದ ದಿನವೇ ನೀನು ನನ್ನನ್ನು ಕೇಳಿದ್ದೆ. "ಅವರ ಅವೆಂಜರ್ ಸದ್ದು ಒಂದ್ಸಲ ಕೇಳಿಸ್ಬಿಡೋ ವಿಲ್. ಇನ್ನೇನೂ ಕೇಳಲ್ಲ ನಿನ್ನ." ನಾನೂ ಸಂತೋಷದಿಂದಲೇ ಒಪ್ಪಿದೆ. ಹಡಗಿನ ಮೇಲಿಂದ ಆ ವಿಮಾನ ಹಾರಿಸಿದ ಮನುಷ್ಯ ಅಪ್ಪ. ಅಂಥದ್ದೇ ಒಂದರ ಎಂಜಿನ್ನನ್ನು ನಮ್ಮ ಮ್ಯೂಸಿಯಮ್ಮಿನಲ್ಲಿ ಹನ್ನೊಂದು ವರ್ಷದಿಂದ ಜೀವಂತ ಇಟ್ಟವನು ನಾನು. ಇಷ್ಟೂ ಮಾಡಲಾಗದಿದ್ದರೆ ಏತಕ್ಕೆ? ಶನಿವಾರ ಗೊತ್ತುಮಾಡಿದೆವು. ಅಪ್ಪ ಸೋಮವಾರದಿಂದಲೇ ದಿನಾ ಗಡ್ಡ ಕೆರೆಸಿಕೊಳ್ಳತೊಡಗಿದರಂತೆ.

ಗುರುವಾರ ಗಾರ್ಡನ್ ಸ್ಲಾನ್‌ವೈಟ್ ಜೊತೆ ಕೊನೆಯ ತಪಾಸಣೆಗೆ ಹೋದೆ. ಗಾರ್ಡನ್ ಗೊತ್ತಲ್ಲ, ನೌಕಾಪಡೆಯಲ್ಲಿ ನನ್ನ ಜೊತೆಗಿದ್ದವನು, ನಿನ್ನ ಮದುವೆಯಲ್ಲಿ ಕುರ್ಚಿ ಮುರಿದವನು. ಎಣ್ಣೆಯ ಜಾಲರಿ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದೆ. ಸಣ್ಣ ಮೀನಿನ ಪೊರೆಯಂಥ ಹೊಳೆಯುವ ಚೂರುಗಳು ಉದುರಿದವು. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಉಕ್ಕಲ್ಲ ಎಂದಾಯಿತು. ಎಂಜಿನ್ನಿನ ಗರ್ಭದಲ್ಲಿರುವ ದೊಡ್ಡ ಬೇರಿಂಗಿನ ಮೇಲ್ಮೈ ಸವೆದರೆ ಹೀಗೆಯೇ ಬೀಳುತ್ತದೆ. ಆ ಬೇರಿಂಗ್ ಹೋದರೆ ಒಳಗಿನ ಸರಳು ಗೋಡೆ ಒಡೆದು ಹೊರಗೆ ಬರುತ್ತದೆ. ಪಡೆಯಲ್ಲಿದ್ದಾಗ ಒಂದು ಎಂಜಿನ್ ಹಾಗೆ ಒಡೆದು, ಪಕ್ಕದಲ್ಲಿ ನಿಂತಿದ್ದವನ ಕೈ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪನ ಗಾಲಿಕುರ್ಚಿ ಇಡಬೇಕೆಂದು ನಾವು ನೆಲದ ಮೇಲೆ ಸುಣ್ಣದ ಗುರುತು ಹಾಕಿದ್ದು ಮೂವತ್ತೇ ಅಡಿ ದೂರದಲ್ಲಿ.

ಗಾರ್ಡನ್ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. "ಐದು ನಿಮಿಷ ಕಣೋ. ಅರವತ್ತು ವರ್ಷ ಓಡಿರೋದು ಇನ್ನೈದು ನಿಮಿಷ ಓಡಲ್ವಾ? ನಿಮ್ಮಪ್ಪ ಕಾಯ್ತಾ ಕೂತಿದಾರೆ" ಎಂದ. "ಯಾರಪ್ಪ ಕಾಯ್ತಿದಾರೆ ಅಂತ ಬೇರಿಂಗಿಗೆ ಗೊತ್ತಾಗಲ್ಲ" ಎಂದೆ. "ನಿಂಗಾದ್ರೂ ಗೊತ್ತಾಗಬೇಕಲ್ಲ" ಎಂದು ಬಟ್ಟೆ ಎಸೆದು ನನಗೆ ಬೆನ್ನು ಹಾಕಿ ಕೂತ. ಓಡಿಸಬಹುದೆಂದು ಸಹಿ ಮಾಡಬೇಕಾದವನು ನಾನೊಬ್ಬನೇ. ಮಾಡಲಿಲ್ಲ. ಚಾಲೂ ಮಾಡುವ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದು ನಿನಗೆ ಫೋನ್ ಮಾಡಿದೆ.

ಶನಿವಾರ ಅಪ್ಪನಿಗೆ ಆಸ್ಪತ್ರೆಯಲ್ಲೇ ವಿಷಯ ಹೇಳಿ ಬರೋಣವೆಂದು ಹೋದರೆ, ಅವರು ಕೋಟು ಟೋಪಿ ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದರು. ವ್ಯಾನಿನಲ್ಲಿ ಕೂರಿಸಿಕೊಂಡ ಮೇಲೆ ಹೇಳಿದೆ. ಸೇತುವೆ ದಾಟಿದೆವು. ಆಮೇಲೆ, "ಲೋಹ ಸಿಕ್ತಾ?" ಎಂದರು. ಸಿಕ್ಕಿತು ಎಂದೆ. "ಎಷ್ಟು?" ಹೆಬ್ಬೆರಳ ಉಗುರು ತುಂಬುವಷ್ಟು. "ನಮ್ಮ ಕಾಲದಲ್ಲಿ ಅಷ್ಟಕ್ಕೆಲ್ಲಾ ಹಾರಾಟ ನಿಲ್ಲಿಸ್ತಿರ್ಲಿಲ್ಲ" ಎಂದರು. ಇನ್ನೊಂದು ಮೈಲಿ ಹೋದ ಮೇಲೆ, "ಅದಕ್ಕೇ ಎಷ್ಟೋ ಜನ ವಾಪಸ್ ಬರ್ಲೂ ಇಲ್ಲ ಬಿಡು" ಎಂದರು. ಒಪ್ಪಿಕೊಂಡರು ಎಂದುಕೊಂಡು ನನಗೆ ಎದೆಯ ಭಾರ ಇಳಿದಂತಾಯಿತು.

ಮ್ಯೂಸಿಯಮ್ಮಿನ ಶೆಡ್ಡಿನಲ್ಲಿ ಅಪ್ಪ ಕೈಗವಸು ತೆಗೆದು ಎಂಜಿನ್ನಿನ ಹೊದಿಕೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತರು. "ಕೈಯಲ್ಲಾದ್ರೂ ತಿರುಗ್ಸಿ" ಎಂದರು. ಹೊತ್ತಿಸುವ ಮೊದಲು ಮೂತಿಯ ಪಂಖದ ರೆಕ್ಕೆಗಳನ್ನು ಕೈಯಿಂದ ತಿರುಗಿಸುವುದು ಹಳೆಯ ಕ್ರಮ. ನಿಧಾನ ತಿರುಗಿಸಿದರೆ ಕೇಡಿಲ್ಲ. ಗಾರ್ಡನ್ ನಾನು ಇಬ್ಬರೂ ಹೆಗಲು ಕೊಟ್ಟೆವು. ಒಂದೊಂದು ರೆಕ್ಕೆ ದಾಟಿದಾಗಲೂ ಒಳಗಿಂದ ಮೆಟ್ಟಿಲು ಹತ್ತುವ ಮುದುಕನ ಉಸಿರಿನಂಥ ಸದ್ದು. ಅಪ್ಪ ಗಟ್ಟಿಯಾಗಿ ಎಣಿಸಿದರು. ಹನ್ನೆರಡಕ್ಕೆ ಪೈಲಟ್ ಬೆರಳೆತ್ತಿ ತೋರಿಸಬೇಕು, ಎಂಜಿನ್ ಹೊತ್ತಿಕೊಳ್ಳಬೇಕು. ಹನ್ನೆರಡಾದಾಗ ಅಪ್ಪ ಬೆರಳೆತ್ತಿದರು.

ಎಂಜಿನ್ ಹೊತ್ತಿಸುವುದಿಲ್ಲ ಎಂಬುದು ಅವರಿಗೆ ನೆನಪಿತ್ತೋ ಮರೆತಿತ್ತೋ, ಇವತ್ತಿಗೂ ನನಗೆ ತಿಳಿಯದು. ಆ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ನಾನು ನೆಲ ನೋಡುತ್ತಾ ನಿಂತೆ. ಗಾರ್ಡನ್ ಮುಖ ತಿರುಗಿಸಿಕೊಂಡ. ಕೊನೆಗೆ ಅಪ್ಪ ಅದನ್ನು ಇಳಿಸಿ, "ಇಷ್ಟೇನಾ?" ಎಂದರು. ಸಿಟ್ಟಿರಲಿಲ್ಲ, ಲೆನೋರಾ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಇಷ್ಟೇ ಅಪ್ಪ" ಎಂದೆ. ವಾಪಸು ಬರುವಾಗ ವ್ಯಾನಿನ ಬಿಸಿ ಜಾಸ್ತಿ ಮಾಡು ಎಂದರು, ಅಷ್ಟೇ. ಮರುದಿನದಿಂದ ಗಡ್ಡ ಕೆರೆಯಲು ಬಿಡಲಿಲ್ಲ. ಹನ್ನೊಂದು ದಿನ ಬದುಕಿದ್ದರು. ನಾನು ದಿನಾ ಹೋಗಿ ಕೂರುತ್ತಿದ್ದೆ. ಹವೆಯ ಮಾತು, ಊಟದ ಮಾತು ಆಡಿದರು. ವಿಮಾನದ ಮಾತು ಆಡಲಿಲ್ಲ.

ನಡೆದದ್ದು ಇದು. ಅಪ್ಪನ ಹಾರಾಟದ ದಾಖಲೆ ಪುಸ್ತಕವನ್ನು ಬೇರೆ ಕಟ್ಟಿನಲ್ಲಿ ಕಳಿಸುತ್ತಿದ್ದೇನೆ, ಅದು ನಿನ್ನ ಬಳಿಯೇ ಇರಲಿ. ಜೊತೆಗೆ ಬೆರಿಲ್ ಮಾಡಿದ ಓಟ್ಸ್ ಬಿಸ್ಕತ್ತಿದೆ. ಮಂಡಿಗೆ ಬಿಸಿ ಕಾವು ಕೊಡು, ಹಿಮ ಎತ್ತಲು ನೀನೇ ಹೋಗಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ವಿಲ್ಮಟ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೊನ್ನೆ ಗುರುವಾರ ಎಂಜಿನ್ ಪೂರ್ತಿ ಬಿಚ್ಚಿದೆವು. ಬೇರಿಂಗಿಗೆ ಏನೂ ಆಗಿಲ್ಲ, ಹೊಸದರಂತಿದೆ. ಆ ಚೂರುಗಳು ಎರಡು ವರ್ಷದ ಹಿಂದೆ ಹಾಕಿದ ಎಣ್ಣೆ ಕೊಳವೆಯ ಒಳಲೇಪ ಸುಲಿದು ಬಿದ್ದವು. ಆ ಕೊಳವೆ ಹಾಕಿದವನೂ ನಾನೇ. ಐದು ನಿಮಿಷವಲ್ಲ, ಅರ್ಧ ಗಂಟೆ ಓಡಿಸಿದ್ದರೂ ಏನೂ ಆಗುತ್ತಿರಲಿಲ್ಲ. ಇದು ಗಾರ್ಡನ್ ಬಾಯಿಂದ ನಿನಗೆ ತಲುಪಬಾರದು ಎಂದೇ ಕಾಗದ ಬರೆಯಲು ಕೂತದ್ದು. ಇನ್ನೊಂದು ಮಾತು, ಬರೆಯದಿದ್ದರೆ ಸುಳ್ಳಾಗುತ್ತದೆ: ನಾಳೆ ಮತ್ತೆ ಅಂಥ ಚೂರು ಕಂಡರೆ ಮತ್ತೆ ನಿಲ್ಲಿಸುತ್ತೇನೆ, ಯಾರೇ ಕಾದಿರಲಿ. ಬೈಯುವುದಾದರೆ ಫೋನ್ ಮಾಡಿ ಬೈಯಿ. ಎಡಗಿವಿಗೇ ಹಿಡಿದುಕೊಳ್ಳುತ್ತೇನೆ.