ಗೋಡೆಯಾಚೆಯ ಪಾಠ

ಫೆಬ್ರವರಿ ೩, ಸೋಮವಾರ

ಮತ್ತೆ ಅದೇ ಕೆರೆಯುವ ಕೆಲಸ. ಮುಂದಿನ ಕೋಣೆಯಲ್ಲಿ ಹಸಿರು ಹೋದರೆ ನೀಲಿ, ನೀಲಿ ಹೋದರೆ ಸುಣ್ಣ. ಮೂಗಿನ ತುಂಬ ಧೂಳು. ಇಷ್ಟು ಚಿಕ್ಕ ಮನೆಯಲ್ಲಿ ಬೆಳೆದ ನಾಯಕರು ದೇಶ ಆಳಿದರು... ದಿನಕ್ಕೊಮ್ಮೆ ತಲೆಗೆ ಬರುತ್ತದೆ. ಡ್ರಾಯಿಂಗ್ ಬಿಡಿಸಿಟ್ಟರೆ ಮತ್ತೆ ಬರೀ ಅಡಿ, ಇಂಚು.

ಟ್ರಸ್ಟಿನ ಅಧ್ಯಕ್ಷರು ಬಂದಿದ್ದರು. ಪಕ್ಕದ ಮನೆಯೂ ಕೈಗೆ ಬಂದಿದೆ. ಇಲ್ಲಿ ಮ್ಯೂಸಿಯಂ, ಅಲ್ಲಿ ಮಕ್ಕಳ ಕಲಿಕಾ ಕೇಂದ್ರ. "ನಡುಗೋಡೆ ಕೆಡವಿಬಿಡಿ ಮೇಡಂ. ದೊಡ್ಡ ಹಾಲ್ ಆಗುತ್ತೆ. ಮಧ್ಯದಲ್ಲಿ ಪ್ರತಿಮೆ." ನನ್ನ ಪ್ಲಾನಿನಲ್ಲೂ ಹಾಗೇ ಇದೆ. ಹೂಂ ಅಂದೆ.

ಫೆಬ್ರವರಿ ೫

ಆ ನಡುಗೋಡೆಯಲ್ಲಿ, ನೆಲಕ್ಕೆ ಹತ್ತಿರ, ಗಾರೆ ಸವೆದು ಬಟ್ಟಲಿನಂಥ ಕುಳಿ. ನುಣುಪು. ನೀರು ಕುಡಿದದ್ದಲ್ಲ, ಗೆದ್ದಲೂ ಅಲ್ಲ. "ಯಾವುದೋ ಎಮ್ಮೆ ಮೈ ಉಜ್ಜಿರಬೇಕು" ಎಂದ ಮೇಸ್ತ್ರಿ. ನಾಯಕರ ಅಕ್ಕ ಇದೇ ಬೀದಿಯ ಕೊನೆಯಲ್ಲಿ, ಮಗಳ ಮನೆಯಲ್ಲಿದ್ದಾರೆ. ಕೇಳಬೇಕು.

ಫೆಬ್ರವರಿ ೬, ಸಂಜೆ

ಅಜ್ಜಿ ಬಂದರು. ಕುಳಿಯ ಮೇಲೆ ಅಂಗೈ ಇಟ್ಟರು.

"ಅಯ್ಯೋ, ನಮ್ಮ ಮೂಗನ ತಲೆ!"

ಮಾತಿನಿಂದಲೇ ದೇಶ ಗೆದ್ದ ಮನುಷ್ಯ ಮನೆಯಲ್ಲಿ ಮೂಗ!

ನಾಯಕರಿಗೆ ಚಿಕ್ಕವರಿದ್ದಾಗ ಎದೆಯ ಕಾಯಿಲೆಯಂತೆ. ಅಂಟುರೋಗ. ಶಾಲೆ ಇಲ್ಲ, ಆಟ ಇಲ್ಲ, ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಮೇಷ್ಟ್ರು ಮಕ್ಕಳಿಗೆ ಪಾಠ ಹೇಳುತ್ತಿದ್ದರು.

"ಇಲ್ಲೇ ತಲೆ ಆನಿಸಿ ಕೂರ್ತಿದ್ದ ಕಣಮ್ಮ. ಊಟಕ್ಕೆ ಕರೆದ್ರೂ ಓ ಅಂತಿರ್ಲಿಲ್ಲ, ಅದಕ್ಕೇ ಮೂಗ ಅಂತಿದ್ವಿ. ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ಈ ಗೋಡೆಗೆ ಇದ್ದದ್ದು ಅವನ ಕಿವಿ."

"ಮೇಷ್ಟ್ರಿಗೆ ಗೊತ್ತಿತ್ತಾ ಅಜ್ಜಿ?"

"ಒಂದಿನ ಆ ಕಡೆ ಲೆಕ್ಕ ಕೇಳಿದ್ರು. ಯಾವ ಮಗೂನೂ ಬಾಯಿ ಬಿಡ್ಲಿಲ್ಲ. ಇವನು ಗೋಡೆಗೆ ಟಕ್ ಟಕ್ ಅಂತ ಬಡಿದು ಉತ್ತರ ಹೇಳ್ದ! ಮಾರನೇ ದಿನದಿಂದ ಮೇಷ್ಟ್ರು ಗೋಡೆ ಕಡೆ ಮುಖ ಮಾಡಿ ಪಾಠ ಹೇಳೋರು, ಬೀದಿಗೆಲ್ಲ ಕೇಳೋ ಹಾಗೆ. ಕೂತಿದ್ದ ಮಕ್ಕಳಿಗೆ ಬರೀ ಬೆನ್ನು!"

ನಕ್ಕರು.

ಅವರು ಹೋದ ಮೇಲೆ ಮುದುಡಿ ಕೂತು, ಕುಳಿಗೆ ತಲೆ ಇಟ್ಟೆ. ತಣ್ಣಗಿತ್ತು. ಏಳಲು ಮನಸ್ಸೇ ಬರಲಿಲ್ಲ.

ಫೆಬ್ರವರಿ ೧೪

ಅಧ್ಯಕ್ಷರ ಜೊತೆ ಹಗ್ಗಜಗ್ಗಾಟ. ಗೋಡೆ ಮುಟ್ಟಕೂಡದು ಅಂದೆ. "ಪ್ಲಾನ್ ನಿಮ್ಮದೇ ಅಲ್ವಾ?" ನನ್ನದೇ — ಏನು ಹೇಳಲಿ? ಕೊನೆಗೆ, ಅಕ್ಕ ಹೇಳಿದ ಹಾಗೆ ಆಗಲಿ ಎಂದರು. ಗೆದ್ದೆ ಅಂದುಕೊಂಡು ಅಜ್ಜಿಯ ಮನೆಗೆ ಓಡಿದೆ.

"ಒಡೀರಿ" ಅಂದರು ಅಜ್ಜಿ.

"ಯಾಕಜ್ಜಿ?" ಅಂದೆ.

"ಇವನು ಹುಷಾರಾಗೋ ಹೊತ್ತಿಗೆ ಮೇಷ್ಟ್ರು ತೀರಿಕೊಂಡಿದ್ರು. ಅವರ ಮುಖಾನೇ ನೋಡ್ಲಿಲ್ಲ ನನ್ನ ತಮ್ಮ. 'ಒಂದ್ಸಲ ಆ ಕಡೆ ಹೋಗಿ ಕೂರ್ಬೇಕಿತ್ತು ಅಕ್ಕಾ' ಅಂತ ಕೊನೇವರೆಗೂ ಅಂತಿದ್ದ. ಅವನನ್ನ ತಡೆದ ಗೋಡೆಗೆ ನೀವು ಕೈಮುಗೀತೀರಾ?"

ಮಾರ್ಚ್ ೨

ಪ್ಲಾನ್ ಬದಲಾಯಿತು. ಪ್ರತಿಮೆ ಅಂಗಳಕ್ಕೆ. ಕುಳಿ ಉಳಿಯಿತು, ಅದರ ಪಕ್ಕದಲ್ಲೇ ಬಾಗಿಲು. ಅಜ್ಜಿಯೂ ಒಪ್ಪಿದರು: "ಸರಿ. ಆದ್ರೆ ಕದ ಬೇಡ, ಚಿಲಕಾನೂ ಬೇಡ."

ಮೇಸ್ತ್ರಿ ಕೊನೆಯ ಇಟ್ಟಿಗೆಗಳನ್ನು ತೆಗೆದ. ಆ ಮನೆಯ ಬೆಳಕು ಈ ಮನೆಯ ನೆಲಕ್ಕೆ ಬಿತ್ತು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಬಗ್ಗಿ ಆ ಕಡೆ ಇಣುಕಿದ.

ಮಾರ್ಚ್ ೨೦, ಬೆಳಿಗ್ಗೆ

ಮೊದಲ ತರಗತಿ. ಆ ಕಡೆ ಮಕ್ಕಳ ಗಲಗಲ. ಅಜ್ಜಿ ನನ್ನ ಕೈ ಹಿಡಿದು ಬಾಗಿಲವರೆಗೆ ಬಂದರು. ಅಲ್ಲಿ ಕೈ ಬಿಟ್ಟರು. ಒಬ್ಬರೇ ದಾಟಿದರು. ಮುಂದಿನ ಬೆಂಚಿನಲ್ಲಿ, ಮಕ್ಕಳ ನಡುವೆ ಹೇಗೋ ತೂರಿಕೊಂಡು ಕೂತರು. ಹೊಸ ಟೀಚರ್ ಸೀಮೆಸುಣ್ಣ ಹಿಡಿದು ಅಜ್ಜಿಯನ್ನೇ ನೋಡುತ್ತಾ ನಿಂತರು.

"ಹೀಗೆ ನಿಂತ್ರೆ ಹೇಗಮ್ಮಾ? ಶುರು ಮಾಡು. ನಾನೂ ಕಲೀಬೇಕು. ನನ್ನ ತಮ್ಮ ಗೋಡೆಯಾಚೆಯಿಂದ ಕೇಳಿ ನನಗೆ ಹೇಳಿಕೊಟ್ಟಿದ್ದು ಅರ್ಧಂಬರ್ಧ!"

ಎಲ್ಲರೂ ನಕ್ಕರು. ನಾನು ಮಾತ್ರ ಈಚೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಕಣ್ಣು ಮಂಜು, ಅಕ್ಷರ ವಕ್ರ. ಅಜ್ಜಿ ಕೂಗುತ್ತಿದ್ದಾರೆ — ನನಗೂ ಪಕ್ಕದಲ್ಲಿ ಜಾಗ ಹಿಡಿದಿದ್ದಾರಂತೆ, ಆಗಲೇ ಪಾಠ ಶುರುವಾ