ಸೂಜಿ ಹಿಡಿಯುವ ಬಾಜಾ

೩ ಫೆಬ್ರವರಿ ೧೯೪೬, ಭಾನುವಾರ
ಇದನ್ನು ಮೊದಲು ಹೇಳಿದವನು ರೇಡಿಯೋ ರಿಪೇರಿ ಬಾಬು ಜಾನ್. ಇವತ್ತು ಬೆಳಿಗ್ಗೆ, ಹನಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ. ಅವನ ಗೆಳೆಯ ಜಹಾಂಗೀರ್ ಬೆಂಗಳೂರಿನ ಹೋಟೆಲ್ ಬ್ಯಾಂಡಿನಲ್ಲಿದ್ದವ. ಯುದ್ಧಕ್ಕೆ ಹೋಗುವಾಗ ಕರೆಂಟಿನ ಗಿಟಾರನ್ನು ತಾಯಿ ಬಿಬಿ ಜಾನ್‌ಗೆ ಕೊಟ್ಟು ಹೋದ. ಸತ್ತನೆಂದು ಟೆಲಿಗ್ರಾಂ ಬಂತು. ತಾಯಿ ನಂಬಿಲ್ಲ. ಸತ್ತವರಿಗಾಗಿ ಓದಿಸುವ ಫಾತೆಹಾವನ್ನೂ ಓದಿಸಿಲ್ಲ.
"ಅವನು ಬದುಕಿರೋಗಂಟ ಆ ಗಿಟಾರು ಬಾಜಾ ಬ್ಯಾರೆಯೋರ ಕೈಲಿ ಮಾತಾಡಕಿಲ್ಲ, ಮಾತಾಡಿದ್ರೆ ನಂಬ್ತೀನಿ ಅಂತವ್ರೆ ಕಣ್ಲಾ. ನೀನು ತಂಬೂರಿ ನುಡಿಸೋನು. ಬತ್ತೀಯಾ?"
ಬರುತ್ತೇನೆ ಅಂದೆ. ಆಮೇಲೆ ಯಾಕಂದೆ ಅನ್ನಿಸಿತು...

೫ ಫೆಬ್ರವರಿ
ಮದ್ದೂರು, ಬಾಬು ಜಾನ್ ಅಂಗಡಿ. ಬಿಬಿ ಜಾನ್ ಗಂಟು ಬಿಚ್ಚಿದರು. ಏನು ಜೋಪಾನ! ಒಂದು ಗೀರಿಲ್ಲ. ತಲೆಯಿಂದ ಬುಡದವರೆಗೆ ಅಲ್ಯೂಮಿನಿಯಂ, ಒಂದೇ ಎರಕ. ಉದ್ದ ಕತ್ತು, ರೊಟ್ಟಿಯಗಲದ ದುಂಡು ಮೈ. ತೊಡೆಯ ಮೇಲೆ ಮಲಗಿಸಿ ನುಡಿಸುವುದು.
"ಕಾವಲಿಗೆ ಹಿಡಿ ಇಕ್ಕಿದಂಗದೆ," ಅಂದೆ.
"ದೋಸೆ ಹುಯ್ಯಕ್ಕೆ ಬಂದಿಲ್ಲ ಕಣ್ಲಾ ನೀನು. ಮರದ ಗಿಟಾರು ಬ್ಯಾಂಡಿನ ಗದ್ದಲದಲ್ಲಿ ಕೇಳ್ತಿರ್ನಿಲ್ಲ. ಅದ್ಕೇ ಅಮೆರಿಕಾದೋರು ಹೊಟ್ಟೆನೇ ತೆಗೆದಾಕಿ ಅಯಸ್ಕಾಂತ ಇಕ್ಕಿದ್ರು. ಸದ್ದು ರೇಡಿಯೋದಲ್ಲಿ ಬತ್ತದೆ."
ನನ್ನ ತಂಬೂರಿಗೆ ಬುರುಡೆಯೇ ಪ್ರಾಣ. ಇದಕ್ಕೆ ಲಾಳದಂತೆ ಬಾಗಿದ ಅಯಸ್ಕಾಂತ. ಅದರ ಮೇಲೆ ಬಿಬಿ ಜಾನ್ ಅವರ ಹೊಲಿಗೆ ಸೂಜಿಗಳು ಅಂಟಿಕೊಂಡಿದ್ದವು.
"ಅವನು ಹೋದಾಗ್ನಿಂದ ಒಂದೂ ಕಳೆದಿಲ್ಲ ಕಣಪ್ಪ."
ಹಳೇ ತಂತಿ ತುಕ್ಕು ಹಿಡಿದು ಕಿತ್ತುಹೋಗಿದ್ದವು. ಸೂಜಿ ತೆಗೆಸಿ, ನನ್ನ ತಂಬೂರಿಯ ಹಿತ್ತಾಳೆ ತಂತಿ ಕಟ್ಟಿದೆ. ರೇಡಿಯೋಗೆ ಜೋಡಿಸಿ ಮೀಟಿದೆ. ರೇಡಿಯೋ ಪೆಟ್ಟಿಗೆಯಿಂದ ಸದ್ದಿಲ್ಲ.
ಆ ತಾಯಿಯ ಮುಖ ಅರಳಿತು — "ನೋಡಿದ್ರಾ? ಬದುಕವ್ನೆ ಅವನು!"
ಬಾಬು ಜಾನ್ ನೆಲ ನೋಡುತ್ತಿದ್ದ.

೧೦ ಫೆಬ್ರವರಿ, ಸಂಜೆ
ಬಿಬಿ ಜಾನ್ ಹೇಳಿ ಕಳಿಸಿದರು. ಅಂಗಡಿಗೆ ಹೋದೆ. ಸೂಜಿ ವಾಪಸ್ ಇಡುವಾಗ ನೋಡಿದರಂತೆ — ಬಾಜಾ ಸೂಜಿ ಹಿಡಿಯುತ್ತದೆ, ಹಿತ್ತಾಳೆ ಹಿಡಿಯುವುದಿಲ್ಲ.
"ಇದಕ್ಕೆ ಕಬ್ಬಿಣವೇ ಬೇಕು. ನಿಂಗೊತ್ತಿತ್ತು ಬಾಬು."
"ಗೊತ್ತಿತ್ತು ಅಮ್ಮಾ. ನಿಮ್ಮ ಮೊಕ ನೋಡಿ ಹೇಳಕ್ಕೆ ಬಾಯಿ ಬರ್ನಿಲ್ಲ."
"ಉಕ್ಕಿನ ತಂತಿ ತೆಗಿ."
ಡ್ರಾಯರಿನಲ್ಲೇ ಇತ್ತು. ಕಟ್ಟಿದೆ. ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಿ ಮೀಟಿದೆ. ಪೆಟ್ಟಿಗೆಯಿಂದ ಸ್ವರ ಉದ್ದಕ್ಕೆ ಎಳೆದು ಬಂತು... ಬೀದಿಯವರು ಬಂದು ಬಾಗಿಲಲ್ಲಿ ನಿಂತರು.
ಬಿಬಿ ಜಾನ್ ಕಣ್ಣು ಮುಚ್ಚಿ ಕೇಳಿದರು.
"ಸ್ವರ ಅದೇ," ಅಂದರು. "ಕೈ ಅವನ್ದಲ್ಲ."

೧೧ ಫೆಬ್ರವರಿ
ಬೆಳಿಗ್ಗೆ, ನಿನ್ನೆ ಕೇಳಿದವರೆಲ್ಲ ಬಿಬಿ ಜಾನ್ ಮನೆಗೆ ಬಂದರು. ಯಾರೂ ಕರೆದಿರಲಿಲ್ಲ. ಬಿಬಿ ಜಾನ್ ಆಗಲೇ ಚಾಪೆ ಹಾಸಿದ್ದರು. ಫಾತೆಹಾ ಓದಿದರು. ನಾನೂ ಕೂತೆ. ಸೂಜಿಗಳನ್ನೆಲ್ಲ ಕಿತ್ತು ಬಟ್ಟೆಗೆ ಚುಚ್ಚಿಟ್ಟಿದ್ದರು. ಏಳುವಾಗ ಬಾಜಾ ತಂದು ಬಾಬು ಜಾನ್ ತೋಳಿಗಿಟ್ಟರು.
"ತೇವ ತಾಗದಂಗೆ ನೋಡ್ಕೊ."
ಅವನು ಹೊಸ್ತಿಲವರೆಗೆ ಹೋದ. ನಿಂತ. ತಿರುಗಿ ಬಂದು, ಬಟ್ಟೆಯಿಂದ ಒಂದು ಸೂಜಿ ಕಿತ್ತು ಬಾಜಾದ ಅಯಸ್ಕಾಂತಕ್ಕೆ ಅಂಟಿಸಿಕೊಂಡು ಹೋದ.