ಮಾಲಾಳ ಹೆಸರಿನ ಕೆಳಗೆ ನೀವು ಬರೆದ ಕ್ರಿಯಾಪದ

ಜನನ ಮರಣಗಳ ಲೆಕ್ಕವಿಡುವ ಮಾನ್ಯ ನೋಂದಣಾಧಿಕಾರಿಗಳೇ,

ನಿಮ್ಮ ಕಚೇರಿ ಕೊಟ್ಟಿರುವ ಹೊಸ ಜನನ ಪ್ರಮಾಣಪತ್ರದ ಪ್ರಕಾರ, ನಮ್ಮ ಚೈತನ್ಯಳ ಹೆತ್ತ ತಾಯಿ ಮಾಲಾ ಈ ಜೂನ್ ತಿಂಗಳಿಂದ ಅವಳಿಗೆ ತಾಯಿಯಾಗಿದ್ದಾಳೆ. ಆ ಮಗುವಿಗೆ ಈಗ ಹನ್ನೊಂದು ವರ್ಷ. ತಾಯಿ ಸತ್ತೂ ಅಷ್ಟೇ ವರ್ಷವಾಯಿತು. ಸತ್ತವರಿಗೆ ಇಷ್ಟು ತಡವಾಗಿ ತಾಯ್ತನ ಮಂಜೂರು ಮಾಡುವ ಅಧಿಕಾರ ತಮಗಿದೆ ಎಂದು ನನಗೆ ತಿಳಿದಿರಲಿಲ್ಲ.

ಮಾಲಾ ನನ್ನ ಹೆಂಡತಿ ವೆಂಕಟರತ್ನಮ್ಮಳ ತಂಗಿ. ಅಂಬಾಜಿದುರ್ಗದ ಕೆಳಗಿನ ಹಳ್ಳಿಯಲ್ಲಿ ಅಕ್ಕತಂಗಿಯರು ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಅವರ ತಾಯಿ ಮೊದಲೇ ತೀರಿಕೊಂಡಿದ್ದರಿಂದ ಮಾಲಾ ಚೊಚ್ಚಲ ಹೆರಿಗೆಗೆ ಚಿಂತಾಮಣಿಯ ನಮ್ಮ ಮನೆಗೇ ಬಂದಳು. ನೋವು ಶುರುವಾದಾಗ ಅವಳನ್ನು ನರ್ಸಿಂಗ್ ಹೋಮಿಗೆ ಸೇರಿಸಿ, ಕಾಗದಗಳಿಗೆ ಸಹಿ ಹಾಕಿದವಳು ನನ್ನ ಹೆಂಡತಿ. ಮಗು ಹುಟ್ಟಿತು. ಮಾಲಾ ಅದನ್ನು ಎದೆಯ ಮೇಲೆ ಮಲಗಿಸಿಕೊಂಡು, "ಅಕ್ಕಾ, ಕಿವಿ ನಂದೇ ಅಲ್ವಾ ನೋಡು" ಅಂದಳು. ಆಮೇಲೆ ರಕ್ತ ನಿಲ್ಲಲಿಲ್ಲ. ಸಂಜೆಯೊಳಗೆ ಹೋಗಿಬಿಟ್ಟಳು. ಆ ಗಡಿಬಿಡಿಯಲ್ಲಿ ಯಾರೋ, ಸಹಿ ಹಾಕಿದವಳ ಹೆಸರನ್ನೇ ತಾಯಿಯ ಹೆಸರೆಂದು ನಿಮ್ಮ ಕಚೇರಿಗೆ ಕಳಿಸಿದರು. ಗೌರಿಬಿದನೂರಿನಿಂದ ಓಡಿಬಂದ ಮಾಲಾಳ ಗಂಡ ರಮೇಶ್‌ಬಾಬು ಕೂಸನ್ನು ನನ್ನ ಹೆಂಡತಿಯ ಮಡಿಲಿಗೆ ಹಾಕಿದ. ಅಂದಿನಿಂದ ಚೈತನ್ಯ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಹೆಂಡತಿಯನ್ನು ದೊಡ್ಡಮ್ಮ ಅನ್ನುತ್ತಾಳೆ. ಗೋಡೆಯ ಮೇಲಿನ ಫೋಟೋವನ್ನು ಅಮ್ಮ ಅನ್ನುತ್ತಾಳೆ.

ಈ ವರ್ಷ ವಸತಿ ಶಾಲೆಯವರು ಜನನ ಪತ್ರ ಕೇಳಿದಾಗಲೇ ತಪ್ಪು ನಮ್ಮ ಕಣ್ಣಿಗೆ ಬಿದ್ದದ್ದು. ನಿಮ್ಮಲ್ಲಿಗೆ ಬಂದೆವು. ನಿಮ್ಮ ಗುಮಾಸ್ತರು ಕಂಪ್ಯೂಟರಿನಲ್ಲಿ 'ಚೇಂಜ್' ಎಂಬಲ್ಲಿ ಒತ್ತಿದರು. ಕರೆಕ್ಷನ್ ಎಂಬಲ್ಲಿ ಒತ್ತಿ ಎಂದು ಕೇಳಿಕೊಂಡೆ. ಎರಡೂ ಒಂದೇ ಸಾರ್, ನಿಮ್ಮ ಕೆಲಸ ಆದ್ರೆ ಸಾಕಲ್ವಾ ಎಂದರು. ಕೆಲವು ದಿನಗಳಲ್ಲಿ ನೋಟೀಸು ಬಂತು: ತಾಯಿಯ ಹೆಸರಿನ ಬದಲಾವಣೆಗಾಗಿ ಹಳೆಯ ತಾಯಿ ಮತ್ತು ಹೊಸ ತಾಯಿ ಇಬ್ಬರೂ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಮಾಲಾಳನ್ನು ನಾನು ಎಲ್ಲಿಂದ ಕರೆತರಲಿ ಸ್ವಾಮಿ?

ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಎರಡೂ ಒಂದೇ ಅನ್ನುವ ಮಕ್ಕಳಿಗೆ ಅಲ್ಲವೆಂದು ಹೇಳುವುದೇ ನನ್ನ ಕಸುಬು. ಮೈಮೇಲಿನ ಅಂಗಿ ತೆಗೆದು ಬೇರೆಯದನ್ನು ತೊಟ್ಟರೆ ಅದು ಚೇಂಜ್. ತೆಗೆದಿಟ್ಟ ಅಂಗಿಯೂ ನಿಮ್ಮದೇ, ಅದರಲ್ಲೇನೂ ತಪ್ಪಿರಲಿಲ್ಲ. ಅದೇ ಅಂಗಿಯನ್ನು ದರ್ಜಿಗೆ ಕೊಟ್ಟು ಮೈಗೆ ಹೊಂದಿಸಿಕೊಂಡರೆ ಆಲ್ಟರ್. ಮಾಡಿಫೈ ಅಂದರೆ ಇದ್ದದ್ದನ್ನು ಇಂದಿನ ಅಗತ್ಯಕ್ಕೆ ತಕ್ಕಂತೆ ಸ್ವಲ್ಪ ಮಾರ್ಪಡಿಸುವುದು. ಅಮೆಂಡ್ ಮಾಡುವುದು ಕಾಯಿದೆಗಳನ್ನು, ದೊಡ್ಡವರು ಸಭೆ ಸೇರಿ. ಕರೆಕ್ಟ್ ಎಂಬುದೊಂದೇ ಬೇರೆ ಜಾತಿಯದು. ಅದನ್ನು ಬರೆಯುವವನು ಮೊದಲು ಒಪ್ಪಿಕೊಳ್ಳಬೇಕು: ಇಲ್ಲಿ ತಪ್ಪಾಗಿತ್ತು, ಮೊದಲ ದಿನದಿಂದಲೂ ತಪ್ಪಾಗಿತ್ತು. ಸರ್ಕಾರಿ ಕಚೇರಿಗಳಿಗೆ ಉಳಿದೆಲ್ಲ ಕ್ರಿಯಾಪದಗಳು ಇಷ್ಟವಾಗಿ, ಇದೊಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅದಕ್ಕೇ ಇರಬೇಕು.

ಕೊನೆಗೆ ನಿಮ್ಮನ್ನೇ ಕಂಡೆವು. ನೀವು ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ನನ್ನ ಹೆಂಡತಿಗೆ ಕುರ್ಚಿ ಕೊಡಿಸಿ, ಸಾಕಿದವರು ನೀವೇ ತಾನೇ, ನಿಮ್ಮ ಹೆಸರೇ ಇರಲಿ ಬಿಡಿ, ಯಾರಿಗೂ ನಷ್ಟವಿಲ್ಲ ಎಂದಿರಿ. ಅವಳು ಕುರ್ಚಿಯಿಂದ ಎದ್ದಳು.

"ಸಾಕಿದ್ದು ನಾನೇ ಸಾರ್. ಹೆತ್ತು ಪ್ರಾಣ ಬಿಟ್ಟೋಳು ನನ್ನ ಚೆಲ್ಲಿ. ತಂಗಿ ಜಾಗದಲ್ಲಿ ನಾನು ಕೂತ್ಕೊಳ್ಳಲ್ಲ."

ಅವಳಿಗೆ ದುಃಖ ಬಂದಾಗ ತವರಿನ ತೆಲುಗು ನಾಲಿಗೆಗೆ ಬರುತ್ತದೆ. ನೀವು ತಲೆ ತಗ್ಗಿಸಿದಿರಿ. ಅರ್ಥವಾಯಿತೆಂದುಕೊಂಡೆ. ಮಾಲಾಳ ಮರಣ ಪತ್ರ, ರಮೇಶ್‌ಬಾಬುವಿನ ಹೇಳಿಕೆ ಎಲ್ಲ ಕೊಟ್ಟೆವು. ಹೊಸ ಪತ್ರ ಬಂತು. ತಾಯಿಯ ಹೆಸರು ಮಾಲಾ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಮಾಡಿಫೈಡ್, ಜೂನ್ ತಿಂಗಳಿಂದ ಜಾರಿ.

ಅದನ್ನು ಮೊದಲು ಓದಿದವಳು ಚೈತನ್ಯ. ಊಟಕ್ಕೆ ಕೂತಿದ್ದೆವು. "ದೊಡ್ಡಮ್ಮಾ, ಜೂನ್‌ಗಿಂತ ಮುಂಚೆ ಅಮ್ಮ ನನಗೆ ಏನಾಗಿದ್ಲು?" ಎಂದು ಕೇಳಿದಳು. ನನ್ನ ಹೆಂಡತಿ ಮುದ್ದೆಯ ತಟ್ಟೆ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟಳು. ನಾನು ವ್ಯಾಕರಣ ಹೇಳಲು ಹೊರಟೆ. ಮಗು ನಮ್ಮಿಬ್ಬರ ಮುಖ ನೋಡಿ, ಹೋಗಲಿ ಬಿಡಿ ಎಂದು ತಾನೇ ನಮಗೆ ಸಮಾಧಾನ ಹೇಳಿತು. ಅದು ನನಗೆ ಸಹಿಸಲಾಗಲಿಲ್ಲ. ತಾಯಿಯ ವಿಚಾರದಲ್ಲಿ 'ಹೋಗಲಿ ಬಿಡಿ' ಅನ್ನುವುದನ್ನು ಹನ್ನೊಂದು ವರ್ಷಕ್ಕೇ ಕಲಿಸಿದ ಕೀರ್ತಿ ನಿಮ್ಮ ಕಚೇರಿಗೆ ಸಲ್ಲಬೇಕು.

ನಿಮ್ಮ ಗುಮಾಸ್ತರು ಹೇಳುವಂತೆ ಹೆಸರು ಸರಿಯಾಗಿದೆ, ಶಾಲೆಯೂ ಸೇರಿಸಿಕೊಂಡಿದೆ, ಇನ್ನೇನು ಬೇಕು? ನನಗೆ ಒಂದು ಪದ ಬೇಕು. ಮಾಡಿಫೈಡ್ ಎಂಬುದನ್ನು ಹೊಡೆದು ಕರೆಕ್ಟೆಡ್ ಎಂದು ಬರೆಯಿರಿ. ಇಂಗ್ಲಿಷ್ ಬೇಡವಾದರೆ 'ತಪ್ಪಾಗಿತ್ತು, ತಿದ್ದಿದ್ದೇವೆ' ಎಂದು ಕನ್ನಡದಲ್ಲೇ ಬರೆಯಿರಿ. ಜೂನ್ ತಿಂಗಳನ್ನು ತೆಗೆದು ಮಗು ಹುಟ್ಟಿದ ದಿನವನ್ನು ಹಾಕಿ. ಮಾಲಾ ಬದುಕಿದ್ದು ತಾಯಿಯಾಗಿದ್ದದ್ದು ಅದೊಂದೇ ದಿನ, ಅದೂ ಸಂಜೆಯವರೆಗೆ. ಅಷ್ಟನ್ನು ಅವಳಿಗೆ ವಾಪಸ್ ಕೊಡಿ.

ಇಂತಿ,
ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸಿ, ತನ್ನ ಮನೆಯ ಮಗುವಿಗೆ ಒಂದು ಕ್ರಿಯಾಪದ ಕೊಡಿಸಲಾಗದ
ಮೋಹನ್‌ಬಾಬು, ಚಿಂತಾಮಣಿ